ಒಂದೇ ಗೋಡೆಯ ಸಾಲುಮನೆಗಳು

ಮನೆ ಮಾಲೀಕರಿಗೆ,

ನಿಮ್ಮ ಮಗನಿಗೆ ನಿನ್ನೆಯೂ ಇದನ್ನೇ ಹೇಳುತ್ತಿದ್ದೆ. ಈ ಮುಚ್ಚಿದ ಗಿರಣಿಯ ಸಾಲಿನಲ್ಲಿ ಎರಡೆರಡು ಮನೆಗೆ ಒಂದೇ ಗೋಡೆ. ಖಾಲಿ ಮನೆಯ ಗೋಡೆ ಮುಟ್ಟಿದರೂ ಪಕ್ಕದ ದರ್ಜಿಯ ಸೂರು ಕೆಳಗೆ ಬರುತ್ತದೆ. ‘ಇಲ್ಲಿ ಲಕ್ಷುರಿ ಫ್ಲಾಟ್ ಬರುತ್ತೆ, ಅಜ್ಜ, ನಿನ್ನ ಪಾಠ ಸಾಕು’ ಎಂದು ನಿಮ್ಮ ಮಗ ನಕ್ಕ. ಇವತ್ತು ಆಳುಗಳೊಂದಿಗೆ ಬಂದು, ಅಡ್ಡ ನಿಂತ ದರ್ಜಿಯ ಬೆರಳುಗಳನ್ನು ಸುತ್ತಿಗೆಯಿಂದ ಜಜ್ಜಿ, ಅದೇ ಸುತ್ತಿಗೆಯನ್ನು ಗೋಡೆಗೆ ಬೀಸಿದ. ಸೂರು ನಿಮ್ಮ ಮಗನ ಕಾಲ ಮೇಲೆಯೇ ಬಿತ್ತು. ಆಳುಗಳು ಓಡಿಹೋದರು.

ನನ್ನವಳು ಕೊನೆಗೆ ಮಲಗಿದ್ದ ಮಂಚದಲ್ಲಿ ಅವನಿದ್ದಾನೆ. ಮೂಳೆ ಹೊರಗೆ ಬಂದಿದೆ. ನಾನು ಹೊಸ್ತಿಲಲ್ಲಿ ಕೂತಿದ್ದೇನೆ. ‘ಅಜ್ಜಾ, ಬಾಗಿಲು ಬಿಟ್ಟು ಏಳಬೇಡಿ’ ಅನ್ನುತ್ತಾನೆ. ಹೊರಗೆ ದರ್ಜಿಯ ತಮ್ಮಂದಿರು ಸರಳು ಹಿಡಿದು ನಿಂತಿದ್ದಾರೆ, ಆಸ್ಪತ್ರೆಗೆ ಒಯ್ಯಲು ಬಿಡರು. ‘ದೊಡ್ಡಪ್ಪ, ಸ್ವಲ್ಪ ಸರೀರಿ, ಅವನ ಕೈಯಷ್ಟೇ ಸಾಕು ನಮಗೆ.’ ನನ್ನ ಮುಖ ಕಾಣುತ್ತಿರುವವರೆಗೆ ನನ್ನನ್ನು ದಾಟಲು ಅವರಿಗೆ ನಾಚಿಕೆ.

ಅರ್ಜಿಯನ್ನು ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಲು ಕಾಲೇಜಿನಲ್ಲಿ ಕಲಿತಿದ್ದೆ, ಮುಂದಿನದು ಮರೆತಿದೆ. ಗಾಡಿ ತಂದು ನೀವೇ ಬನ್ನಿ, ಆಳುಗಳನ್ನು ಕಳಿಸಬೇಡಿ. ಈ ಪತ್ರ ತಂದವಳು ದರ್ಜಿಯ ಹೆಂಡತಿ, ಅವಳನ್ನು ಬಾಗಿಲಲ್ಲಿ ನಿಲ್ಲಿಸಬೇಡಿ.

ಸಾಲಿನ ಕರೆಂಟು ನೀವೇ ತೆಗೆಸಿದ್ದೀರಿ. ಬರೆದ ಅಕ್ಷರ ನನಗೇ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ.

ಇಂತಿ,
ಕೊನೆಮನೆಯ ಬಾಡಿಗೆದಾರ