ನಿನ್ನ ಗಂಟು

ಬೆಳಕೆ, ಜೂನ್ ೧೯೬೧

ಅಣ್ಣಾ,

ಬೊಂಬಾಯಿಯಲ್ಲಿ ಎಲ್ಲಿ ಬಿದ್ದಿದ್ದೀಯೋ. ವಿಳಾಸವನ್ನೂ ಕೊಡದವನಿಗೆ ಬರೆಯುತ್ತಿದ್ದೇನೆ, ನನಗೆ ಬುದ್ಧಿಯಿಲ್ಲ.

ಇವತ್ತು ಗದ್ದೆಗೆ ಸೊಪ್ಪು ಕಡಿಯಲು ಕಾಡಿಗೆ ಹೋಗಿದ್ದೆ. ಕತ್ತಿ ಎತ್ತಿದ ಟೊಂಗೆಯಲ್ಲೇ ಆ ಸಣ್ಣ ನೀಲಿ ಹಕ್ಕಿಯ ಗೂಡಿತ್ತು. ನಾನು ಅಷ್ಟು ಹತ್ತಿರ ನಿಂತಿದ್ದರೂ ಗಂಡುಹಕ್ಕಿ ಹುಳ ಕಚ್ಚಿಕೊಂಡು ಮರಿಗಳ ಹತ್ತಿರ ಬಂತು. ಮುಷ್ಟಿಯಷ್ಟೂ ಇಲ್ಲದ ಅದಕ್ಕೂ ಮನೆಯ ನೆನಪಿದೆ.

ಬೇರೆಯವರು ಆ ಟೊಂಗೆ ಕಡಿಯದಿರಲಿ ಎಂದು ಅದಕ್ಕೆ ಗುರುತಾಗಿ ಹುಲ್ಲಿನ ಗಂಟು ಕಟ್ಟಿದೆ. ನೀನು ಕಲಿಸಿದ್ದೇ, ತುದಿಯನ್ನು ಒಳಗೆ ಸಿಕ್ಕಿಸುವ ಗಂಟು. ಊರಲ್ಲಿ ನಿನ್ನ ಹೊರತು ಯಾರೂ ಹಾಗೆ ಕಟ್ಟುತ್ತಿರಲಿಲ್ಲ.

ಹಿಂದೆ ಬಂದ ಪಕ್ಕದ ಮನೆಯ ಸೋಮಿ ಅದನ್ನು ನೋಡಿ, ನನಗಿಂತ ಮುಂಚೆ ಓಡಿ, ನೀನು ಬಂದಿದ್ದೀಯೆಂದು ಅವ್ವಿಗೆ ಹೇಳಿಬಿಟ್ಟಳು.

ನಾನು ಹೊರೆ ಇಳಿಸುವಾಗ ಅವ್ವಿ ಒಲೆ ಮುಂದಿದ್ದಳು. "ಅಂವ ಎಂತಕ್ಕೆ ಹೊರಗೇ ನಿಂತಿದ್ದಾನೆ? ಅಪ್ಪ ಸತ್ತಾಗ ಬರ್ಲಿಲ್ಲ ಅಂತ ನಾನು ಬಯ್ಯೂದಿಲ್ಲ, ಒಳಗೆ ಬಾ ಅನ್ನು."

ಗಂಟು ಕಟ್ಟಿದ್ದು ನಾನು ಎಂದೆ.

"ಆತು, ನೀನೇ ಉಣ್ಣು" ಎಂದು ನಿನ್ನ ಬಟ್ಟಲನ್ನು ನನ್ನ ಮುಂದೆ ಇಟ್ಟಳು.

ಉಂಡೆ. ಒಣಮೀನಿನ ಸಾರು ಬಾಯಿ ಉರಿಯುವಷ್ಟು ಖಾರ, ನಿನಗೆ ಬೇಕಾದ ಹಾಗೆ.