ನಾಲ್ಕು ಗಂಟೆಯ ಅಕ್ಷರಗಳು

ಜನವರಿ ೧೨, ಭಾನುವಾರ, ಸಂಜೆ ೬

ಮಾವ ನನ್ನನ್ನು ನೋಡಿ ನಕ್ಕರು! ಮದುವೆಯಾಗಿ ಇಪ್ಪತ್ತೆರಡು ದಿನಕ್ಕೆ ಮೊದಲ ನಗು. ಗಜೇಂದ್ರಗಡದ ಈ ಮನೆಯನ್ನು ಗೆದ್ದೆ. ಅದೂ ರೊಟ್ಟಿ ಬಡಿದಲ್ಲ, ಈ ಮನೆಯದೇ ಹಳೆಯ ಲ್ಯಾಪ್‌ಟಾಪ್‌ನಿಂದ!

ಮಾವ ಅಂದಾನಪ್ಪನವರು ಲೈಸೆನ್ಸ್ ಇರುವ ಹ್ಯಾಮ್ ರೇಡಿಯೊದವರು, ಮನೆಯಿಂದಲೇ ದೂರದ ಊರಿನವರೊಡನೆ ಮಾತಾಡುವ ಹವ್ಯಾಸ. ಪ್ರತಿ ಭಾನುವಾರ ನಾಲ್ಕಕ್ಕೆ ಮಾಳಿಗೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಆದರೆ ಕಿವಿ ಮಂದ. ಕೂಗಿದರೆ ಮಾತು ಕೇಳುತ್ತದೆ, ಮೋರ್ಸ್‌ನ ಚುಕ್ಕಿ-ಗೆರೆಯ ಸಣ್ಣ ಪೀಪಿ ಕೇಳುವುದಿಲ್ಲ. ಆದರೂ ಕೂರುತ್ತಾರೆ... ಪಾಪ!

ಅದಕ್ಕೇ ನನ್ನ ಐಡಿಯಾ. ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ಕೇಳಬಹುದಾದ ಕೊಯಮತ್ತೂರಿನ ಯಾರದೋ ರಿಸೀವರ್ ತೆರೆದು, ಮಾವನ ರೇಡಿಯೊದ ಫ್ರೀಕ್ವೆನ್ಸಿಗೇ ಇಟ್ಟೆ. ಅದರ ಧ್ವನಿಯನ್ನು ಸ್ಪೀಕರಿಗೆ ಬಿಡದೆ ಒಂದು ವರ್ಚುವಲ್ ಕೇಬಲ್ಲಿಗೆ ತಿರುಗಿಸಿದೆ. ವೈರಲ್ಲ, ಬರೀ ಸಾಫ್ಟ್‌ವೇರ್. ಅದರ ಇನ್ನೊಂದು ತುದಿಗೆ ಡಿಕೋಡರ್. ಆ ಕಡೆ ಶಬ್ದ, ಈ ಕಡೆ ಅಕ್ಷರ. ಮೂರು ದಿನ ಒದ್ದಾಡಿದೆ. ಮೊದಲು ಬಂದದ್ದು ನನ್ನದೇ ವಾಟ್ಸಾಪ್‌ನ ಟಿಣ್ — ಡಿಕೋಡರ್ ಅದನ್ನೂ ಒಂದು ಅಕ್ಷರ ಮಾಡಿತು!

ಮಾವ ಕನ್ನಡಕ ಹಾಕಿಕೊಂಡರು.
"ನಿಮ್ಮಪ್ಪ ಇಂಜಿನಿಯರ್ ಅಂತ ಯಾರೂ ಹೇಳಲೇ ಇಲ್ಲಲ್ಲವಾ!"
"ಅಲ್ರಿ ಮಾವಾರ, ನರಗುಂದದಾಗ ಕಿರಾಣಿ ಅಂಗಡಿ."
ಆಗ ನಕ್ಕರು.

ಆಮೇಲೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹರಿಯಿತು. ಅಪ್ಪಾ. ಉಮಾ. ಕೇಳಾಕತ್ತೀರೇನ.

ನಗು ನಿಂತಿತು. ಕನ್ನಡಕ ತೆಗೆದಿಟ್ಟು ಇಳಿದು ಹೋದರು.

ಕೆಳಗೆ ದೇವರ ಜಗಲಿಯ ಪಕ್ಕ, ಗಂಧದ ಹಾರ ಹಾಕಿದ ಫೋಟೊ. ಉಮಾ. ನನ್ನ ಗಂಡನ ಅಕ್ಕ. ತೀರಿಕೊಂಡು ಆರು ವರ್ಷವಾಯಿತೆಂದು ನಿಶ್ಚಿತಾರ್ಥದ ದಿನವೇ ಹೇಳಿದ್ದರು.

ಜನವರಿ ೧೩

ಸಂಗು (ಡೈರಿಯಲ್ಲಿ ಮಾತ್ರ ಸಂಗು, ಎದುರಿಗೆ "ರೀ") ಗುಡ್ಡದ ಗಾಳಿಯಂತ್ರದ ಡ್ಯೂಟಿ ಮುಗಿಸಿ ಬಂದರು. ಎಲ್ಲ ಹೇಳಿದೆ.
"ನೀ ಕನೆಕ್ಷನ್ ತಪ್ಪು ಕೊಟ್ಟೀ. ಅಕ್ಕಾ ಮೋರ್ಸ್ ಕಲಿಯೂವಾಗಿನ ಹಳೀ ಪ್ರಾಕ್ಟೀಸ್ ಟೇಪು ಆ ಲ್ಯಾಪ್‌ಟಾಪಿನಾಗ ಅದಾವ. ನಿನ್ನ ಕೇಬಲ್ ಏನ್ ಸಿಕ್ಕರೂ ನುಂಗತೈತಿ."
ನನ್ನ ಮುಖ ನೋಡದೆ ಹೇಳಿದರು.

ಕೇಬಲ್ ನುಂಗುವುದು ನಿಜ. ಆದರೆ ಲ್ಯಾಪ್‌ಟಾಪ್ ಪೂರ್ತಿ ಹುಡುಕಿದೆ. ಟೇಪಿಲ್ಲ.

ಜನವರಿ ೧೪, ಸಂಕ್ರಾಂತಿ

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಾದಲಿ — ತಿಂದದ್ದು ಒಂದೂ ರುಚಿ ಹತ್ತಲಿಲ್ಲ. ಅತ್ತೆ ನೀಲವ್ವ ಅಜ್ಜನ ಫೋಟೊಕ್ಕೆ ಎಡೆ ಇಟ್ಟರು. ಉಮಾಳ ಫೋಟೊಕ್ಕೆ ಇಡಲಿಲ್ಲ. ನಾನೇ ಬಡಿಸಿಕೊಂಡು ಹೋದೆ. ಅತ್ತೆ ಕೈ ಹಿಡಿದರು.
"ಆಕಿಗೆ ಇಡಾಂಗಿಲ್ಲವಾ."
"ಯಾಕ್ರೀ ಅತ್ತಿ?"
ಒಳಗೆ ಹೋಗಿಬಿಟ್ಟರು.

ಎಡೆ ಇಲ್ಲದ ಸತ್ತವಳು. ಈಗ ಕುಕ್ಕರಿನ ಸೀಟಿಯೂ ಚುಕ್ಕಿ, ಗೆರೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳೂ ಚುಕ್ಕಿ, ಗೆರೆ. ಫೋಟೊದ ಮುಂದೆ ಹಾಯುವಾಗ ಓಡುತ್ತೇನೆ.

ಜನವರಿ ೧೯, ಭಾನುವಾರ, ೪-೪೦

ಮರೆಯುವ ಮುಂಚೆ ಬರೆದುಬಿಡುತ್ತೇನೆ.

ಇವತ್ತು ಎರಡು ರಿಸೀವರ್ ತೆರೆದೆ, ಕೊಯಮತ್ತೂರು ಒಂದು, ಶ್ರೀಲಂಕಾ ಒಂದು. ಎರಡು ಕೇಬಲ್. ಎರಡು ಡಿಕೋಡರ್. ನಾಲ್ಕಕ್ಕೆ ಎರಡರಲ್ಲೂ ಬಂತು — ಅಪ್ಪಾ ಉಮಾ. ಶ್ರೀಲಂಕಾದ್ದು ಸ್ವಲ್ಪ ತಡವಾಗಿ, ನಡುನಡುವೆ ಅಕ್ಷರ ಮಾಸಿ. ಅದು ಮಾಸಿದಾಗ ಕೊಯಮತ್ತೂರಿನದು ಸ್ವಚ್ಛ. ಟೇಪು ಹೀಗೆ ಎರಡು ಊರಲ್ಲಿ ಎರಡು ಥರ ಮಾಸುವುದಿಲ್ಲ. ಇದು ಎಲ್ಲೋ, ಈಗ, ಚುಕ್ಕಿ-ಗೆರೆ ಒತ್ತುತ್ತಿರುವ ಒಂದು ಕೈ.

ಕೊನೆಯ ಸಾಲು: ಮುಂದಿನ ರವಿವಾರ ಒಮ್ಮೆ ಕರೀತೀನಿ. ಆಮ್ಯಾಲ ಕರಿಯೂದಿಲ್ಲ.

ಕಿರುಚಿದೆ. ಅತ್ತೆ ಬಂದು ಮೆಟ್ಟಿಲ ಮೇಲೆ ಕುಸಿದರು.
"ಸತ್ತಿಲ್ಲವಾ ಆಕಿ. ರೇಡಿಯೊದಾಗ ಪರಿಚಯ ಆದ ಹುಡುಗನ್ನ ಮದಿವಿ ಆಗಿ ಮೈಸೂರಾಗ ಅದಾಳ. ಅವತ್ತ ಇವ್ರು ಹಾರ ಹಾಕಿದ್ರು. ಆಕಿ ಹೆಸರು ತಗೀಬ್ಯಾಡ್ರಿ ಅಂತ ನಮಗೆಲ್ಲ ಆಣಿ ಹಾಕಿದ್ರು. ನಾ ಎಡಿ ಮಾತ್ರ ಇಡಲಿಲ್ಲ."
ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದ ಮಾವ ಅದನ್ನು ತೆಗೆದು, ರೇಡಿಯೊಕ್ಕೆ ಹೇಳುವಂತೆ ಹೇಳಿದರು, "ನಾ ಆಕಿಗೆ ಮೋರ್ಸ್ ಕಲಿಸತಿದ್ದ ಹೊತ್ತಿಗೇ ಆರು ವರ್ಷ ಕುಂತೀನಿ. ಕರೀತಾಳೋ ಇಲ್ಲೋ ತಿಳೀಲಿಲ್ಲ."
"ಹಾರ ಹಾಕಿದಾವ್ರು ಕೇಳಾಕ ಯಾಕ ಕುಂತ್ರಿ?" ಎಂದರು ಅತ್ತೆ.
ಮಾವ ಹೆಡ್‌ಫೋನಿನ ವೈರು ಸುತ್ತತೊಡಗಿದರು.
ನನಗೆಲ್ಲಿಂದ ಧೈರ್ಯ ಬಂತೋ. "ಮಾವಾರ, ಕೇಳಾಕ ಕಿವಿ ಬೇಕು. ಕಳಸಾಕ ಕೈ ಸಾಕಲ್ರಿ?"
ಎದ್ದು ಹೋದರು.

ಜನವರಿ ೨೫

ಆರು ದಿನ ಮಾವ ಮಾಳಿಗೆ ಹತ್ತಿರಲಿಲ್ಲ. ಸಂಗು ನನ್ನ ಕೈ ಹಿಡಿದು ಅತ್ತರು: "ಆಣಿ ಮುರಿಯಾಕ ಆಗಲಿಲ್ಲ ನನಗ." ನನ್ನ ಗಂಡ! ಬಯ್ಯಲೂ ಆಗಲಿಲ್ಲ. ಮಧ್ಯಾಹ್ನ ಮಾಳಿಗೆಯಲ್ಲಿ ಟಿಕ್, ಟಿಕ್. ಇಣುಕಿದೆ. ಬಟ್ಟೆ ಸುತ್ತಿಟ್ಟಿದ್ದ, ಮೋರ್ಸ್ ಒತ್ತಿ ಕಳಿಸುವ ಕೀಲಿಯನ್ನು ಮಾವ ಒರೆಸುತ್ತಿದ್ದರು. ನನ್ನನ್ನು ನೋಡಿ ಮುಚ್ಚಿಟ್ಟರು.

ಜನವರಿ ೨೬, ಭಾನುವಾರ, ೪-೧೦

ಅಪ್ಪಾ ಉಮಾ ಕೇಳಾಕತ್ತೀರೇನ. ಬಂತು. ನಿಂತಿತು. ಮಾವನ ಕೈ ಕೀಲಿಯ ಮೇಲಿದೆ, ಒತ್ತುತ್ತಿಲ್ಲ. ಅತ್ತೆ ಕೆಳಗೆ ಹೋಗಿ ಹಾರ ಕಿತ್ತು ತಂದು ಅವರ ಮುಂದೆ ಮೇಜಿನ ಮೇಲೆ ಒಗೆದರು.

ಒತ್ತಿದರು. ಅವರ ಅಕ್ಷರಗಳೇ ಕೊಯಮತ್ತೂರು ಸುತ್ತಿ ನನ್ನ ತೆರೆಗೆ ಬಂದವು. ಉಮಾ ಬಾ. ಎರಡನೇ ಸಲ ಉಮಾ ಬ... ಅಲ್ಲಿಗೇ ಕೈ ತೆಗೆದರು.

ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ. ಬರೀ ಗದ್ದಲದಿಂದ ಹುಟ್ಟಿದ ಕಸದ ಅಕ್ಷರ. ಸತ್ತವಳು ಎಂದು ಹೆದರಿದೆನಲ್ಲ, ಈಗ ಈ ಮೌನಕ್ಕೆ ಹೆದರಿಕೆ...

೪-೧೬

ಬರುತ್ತಿದೆ! "ಬರ್ಕೋ, ಲಗೂ ಬರ್ಕೋ!" ಮಾವ ಕೂಗುತ್ತಿದ್ದಾರೆ. ಬೇರೆ ಕಾಗದವಿಲ್ಲ, ಇಲ್ಲೇ —

ಬರ್ತೀನಿ ಅಪ್ಪಾ. ಶುಕ್ರವಾರ. ಗೋಲಗುಂಬಜ್ ಎಕ್ಸ್‌ಪ್ರೆಸ್. ಹೊಳೆಆಲೂರು ಸ್ಟೇಷನ್ನಿಗೆ