ಸುಣ್ಣ ಬಳಿದ ಸಿಹಿತೊಟ್ಟಿ

ಎರಡನೇ ಕಡಲೇರಿಕೆಯ ನಂತರದ ನೂರಾ ಹನ್ನೊಂದನೇ ವರ್ಷ, ಉಪ್ಪು ಕಟ್ಟುವ ತಿಂಗಳು

ನನಗಿಂತ ಎಷ್ಟೋ ತಲೆಮಾರು ಹಿಂದಿನ ಹಿರಿಯರೇ,

ಈ ಕಾಗದ ತಲುಪುತ್ತದೋ ಇಲ್ಲವೋ, ತಲುಪಿದರೂ ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳುತ್ತದೋ ಏನೋ ಎಂಬ ಚಿಂತೆಯಲ್ಲೇ ಬರೆಯುತ್ತಿದ್ದೇನೆ. ಶಾಲೆ ಅರ್ಧಕ್ಕೇ ಬಿಟ್ಟವಳು, ಮನ್ನಿಸಿ.

ನಮ್ಮ ನೆಲವೆಲ್ಲ ಉಪ್ಪು, ಕಬ್ಬು ಬರುವುದಿಲ್ಲ. ಅದಕ್ಕೇ ಬೀದಿಗೊಂದು ಸಿಹಿತೊಟ್ಟಿ. ಗೆಡ್ಡೆಯ ಗಂಜಿಯಿಂದ ತೆಗೆದ ಗ್ಲೂಕೋಸನ್ನು ಅದರಲ್ಲಿ ಹಾಯಿಸಿದರೆ ಅರ್ಧದಷ್ಟು ಹಣ್ಣಿನ ಸಕ್ಕರೆಯಾಗಿ, ಇನ್ನೂ ಸಿಹಿಯಾಗಿ ಹೊರಬರುತ್ತದೆ. ಈ ಕೆಲಸ ಮಾಡುವುದು ಮಣಿಗಳಿಗೆ ಅಂಟಿಸಿದ ಒಂದು ಕಿಣ್ವ. ಮಣ್ಣಿನ ಸೂಕ್ಷ್ಮಜೀವಿಯಿಂದ ಅದನ್ನು ತೆಗೆದವರು ನೀವೇ. ಅವ್ವನಿಂದ ಬಂದ ತೊಟ್ಟಿ ನನ್ನದು. ತೊಟ್ಟಿ ನೋಡಿಕೊಳ್ಳುವವರಿಗೆಂದು ಬೀದಿಯವರು ಕೊಟ್ಟ ಮನೆ ನಮ್ಮದು, ತೊಟ್ಟಿ ಸತ್ತರೆ ಅದೂ ಇಲ್ಲ.

ಕೆಲಸ ಕಲಿಸಿದವರು ಸೋದರತ್ತೆ ಬೀರಮ್ಮ. ಕಿಣ್ವವೆಂದರೆ ಒಂದೇ ತರದ ನಾಲ್ಕು ತುಂಡು ಕೂಡಿದ್ದು, ಒಂದೊಂದು ತುಂಡೂ ಎಂಟು ಪಟ್ಟಿಗಳ ಪೀಪಾಯಿ ಇದ್ದಂತೆ, ಪೀಪಾಯಿಯ ಬಾಯಲ್ಲಿ ಮೆಗ್ನೀಸಿಯಂನ ಎರಡು ಕಣ ಕೂತಿರುತ್ತವೆ ಎಂದು ಹೇಳಿಕೊಟ್ಟರು. ಉಂಗುರವಾಗಿ ಬಂದ ಸಕ್ಕರೆಯನ್ನು ಅದು ಬಿಚ್ಚಿ ನೆಟ್ಟಗೆ ಮಾಡುತ್ತದೆ. ಆ ಕಣಗಳು ಹಿಡಿದೆಳೆದಾಗ ಎರಡನೇ ಇಂಗಾಲದ ಮೇಲಿನ ಜಲಜನಕ ಪಕ್ಕದ ಮೊದಲನೆಯದಕ್ಕೆ ಜಿಗಿಯುತ್ತದೆ. ಆಮೇಲೆ ಉಂಗುರ ಮತ್ತೆ ಮುಚ್ಚಿಕೊಳ್ಳುತ್ತದೆ, ಅಷ್ಟೇ. ಸೇರಿದ್ದೂ ಇಲ್ಲ, ಕಳೆದದ್ದೂ ಇಲ್ಲ. ಇಷ್ಟನ್ನು ಬಾಯಿಪಾಠ ಮಾಡಿ, ಎಲ್ಲ ಬಂತು ಅಂದುಕೊಂಡಿದ್ದೆ.

ಮಗಳ ಮದುವೆ ಬಂತು. ಮನೆಗೆ ಬಳಿದು ಉಳಿದ ಚಿಪ್ಪಿಸುಣ್ಣವನ್ನು ತೊಟ್ಟಿಯ ಒಳಗೋಡೆಗೂ ಬಳಿದೆ. ಶುಭಕಾರ್ಯ, ಮೈಲಿಗೆ ಬೇಡ ಅಂತ. ಮಾರನೆಯ ದಿನ ಗ್ಲೂಕೋಸು ಹೋದ ಹಾಗೇ ಹೊರಬಂತು, ಸಿಹಿ ಏರಲಿಲ್ಲ. ಬೀಗರ ಮುಂದೆ ಪಾನಕ ಇಡುವುದು ಹೇಗೆ, ಬೀದಿಯವರಿಗೆ ಏನು ಹೇಳುವುದು ಅಂತ ಅತ್ತೆಯ ಬಳಿ ಓಡಿದೆ.

ಅವರು ಬಂದು ಗೋಡೆ ಮುಟ್ಟಿ ನೋಡಿದರು. ಸುಣ್ಣದ ಕ್ಯಾಲ್ಸಿಯಂ ಮೆಗ್ನೀಸಿಯಂ ಕಣಗಳನ್ನು ತಳ್ಳಿ ಆ ಜಾಗದಲ್ಲಿ ತಾನೇ ಕೂತು ಕೆಲಸ ಕೆಡಿಸುತ್ತದಂತೆ. ಸುಣ್ಣ ತಾಗಿಸಬೇಡ ಎಂದು ಒಂದು ಮಾತು ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಅದೂ ಹೇಳಿದ್ರೆ ನೀ ಮತ್ತೆ ನನ್ ಬಾಗ್ಲಿಗೆ ಬರ್ತಿದ್ಯಾ, ಮಾರಾಯ್ತಿ?" ಅಂದರು. ನಗುತ್ತಲೇ ಅಂದರು.

ಕಲಿಸುವವರು ಒಂದು ಮಾತನ್ನು ತಮ್ಮ ಹತ್ತಿರವೇ ಉಳಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಕಿಣ್ವ ಮಾರಿದ ನಿಮ್ಮವರಿಂದಲೇ ಬಂದದ್ದಂತೆ. ಕೊಂಡವರು ಮತ್ತೆ ಬರಲಿ ಅಂತ ಅವರೂ ಒಂದೊಂದು ಗುಟ್ಟು ಬಚ್ಚಿಡುತ್ತಿದ್ದರಂತೆ. ಹೌದೇ? ಅತ್ತೆಯನ್ನು ಅವ್ವನ ಹಾಗೆ ನಂಬಿದ್ದೆ. ಈಗ ಅವರು ನೀರು ಕೊಟ್ಟರೂ ಕುಡಿಯಲು ಅನುಮಾನ.

ಸುಣ್ಣ ಕೆರೆದು, ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರನ್ನು ಹದವಾಗಿ ಹಾಯಿಸಿದರೆ ಮೆಗ್ನೀಸಿಯಂ ಮರಳಿ ಜಾಗ ಹಿಡಿಯುತ್ತದೆ. ಹದ ಅವರಿಗೇ ಗೊತ್ತು. ತೊಟ್ಟಿ ತಮ್ಮ ಹೆಸರಿಗಾಗಲಿ, ಆಮೇಲೆ ಉಳಿಸಿಕೊಡುತ್ತೇನೆ ಅಂದರು. ಮಗಳ ಮುಖ ನೋಡಿ ಒಪ್ಪಿದೆ. ಸಿಹಿ ಬಂತು, ಮದುವೆಯಾಯಿತು, ಮನೆಯೂ ಉಳಿಯಿತು. ಅವ್ವನ ತೊಟ್ಟಿಯಲ್ಲಿ ನಾನೀಗ ಆಳು.

ಹಿರಿಯರೇ, ಮುಂದಿನವರಿಗೆ ಏನಾದರೂ ಬಿಟ್ಟುಹೋಗುವುದಾದರೆ ಪೂರ್ತಿ ಹೇಳಿ ಹೋಗಿ. ಯಾವುದರಿಂದ ಕೆಡುತ್ತದೆ ಎಂಬುದನ್ನಾದರೂ ಮುಚ್ಚಿಡಬೇಡಿ.

ಅತ್ತೆಯ ಮೊಮ್ಮಗಳಿಗೆ ಕೆಲಸ ಕಲಿಸುವುದು ನನ್ನ ಪಾಲಿಗೇ ಬಂದಿದೆ. ಒಂದು ಮಾತು ಉಳಿಸಿಕೊ ಎಂದು ಅತ್ತೆಯೇ ಕಿವಿಯಲ್ಲಿ ಹೇಳಿದರು. ನಾನು ಪಾಠವನ್ನು ಸುಣ್ಣದಿಂದಲೇ ಶುರು ಮಾಡಿದೆ.

ಇಂತಿ,
ಮಂಕಾಳಿ